ಫೈಲಿನಲ್ಲಿಲ್ಲದ ಸದ್ದು

ಸೇಡು ತೀರಿಸಿಕೊಂಡವರಿಗೆ ಮನಸ್ಸಿನಲ್ಲಿ ನೆಮ್ಮದಿ ಇರುವುದಿಲ್ಲ ಎಂದು ನಮ್ಮ ಬಡಾವಣೆಯ ಪಾರ್ಕಿಗೆ ವಾಕಿಂಗ್ ಬರುವ ಹಿರಿಯರೆಲ್ಲ ಒಕ್ಕೊರಲಿನಿಂದ ಹೇಳುತ್ತಾರೆ. ಅವರಲ್ಲಿ ಒಬ್ಬರೂ ಒಂದು ಸೇಡನ್ನು ನೆಟ್ಟಗೆ ತೀರಿಸಿಕೊಂಡವರಲ್ಲ ಎಂಬುದು ನನ್ನ ಗುಮಾನಿ. ನಾನು ತೀರಿಸಿಕೊಂಡಿದ್ದೇನೆ. ಹೊಟ್ಟೆ ತಣ್ಣಗಿದೆ, ಊಟ ರುಚಿಸುತ್ತದೆ, ಗೊರಕೆ ಹೆಚ್ಚಾಗಿದೆಯೆಂದು ಮನೆಯವಳು ದೂರುತ್ತಾಳೆ. ಆದ್ದರಿಂದ ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಡೆದ ಈ ಸಂಗತಿಯನ್ನು ಪಶ್ಚಾತ್ತಾಪದ ಸೋಂಕಿಲ್ಲದೆ ಬರೆದಿಡುತ್ತಿದ್ದೇನೆ. ಬಳಸಿದ ಆಯುಧ, ಸದ್ದಿನ ಫೈಲನ್ನು ಒಂದು ಬಗೆಯಿಂದ ಇನ್ನೊಂದು ಬಗೆಗೆ ಬದಲಿಸುವ ಒಂದು ಗುಂಡಿ. ಆ ಗುಂಡಿಯನ್ನು ನನ್ನ ಕೈಗೆ ಕೊಟ್ಟವರು ಶತ್ರುಗಳೇ. ಇದ್ದದ್ದು ಒಬ್ಬರೇ, ಆದರೂ ಅವರನ್ನು ಇಲ್ಲಿ ಕೊನೆಯವರೆಗೂ ಬಹುವಚನದಲ್ಲೇ ಕರೆಯುತ್ತೇನೆ. ಸೇಡಿಗೂ ಒಂದು ಶಿಸ್ತು ಬೇಕು.

ನಮ್ಮದು ಗೇರ್‌ಬಾಕ್ಸ್ ಮಾಡುವ ಕಾರ್ಖಾನೆ. ಸರಕು ಎತ್ತುವ ಯಂತ್ರಗಳಿಗೆ ಹಾಕುವಂಥವು. ಕಬ್ಬಿಣ ಒಂದು ಕಡೆಯಿಂದ ಒಳಗೆ ಬಂದು, ಕೊರೆಸಿಕೊಂಡು, ಉಜ್ಜಿಸಿಕೊಂಡು, ಜೋಡಣೆಯಾಗಿ, ಹೊರಗೆ ಹೋಗುವ ಮುನ್ನ ಕೊನೆಯದಾಗಿ ಬರುತ್ತಿದ್ದದ್ದು ನನ್ನ ಕೋಣೆಗೆ. ಅದಕ್ಕೆ ಸದ್ದಿನ ಕೋಣೆ ಎಂದು ಹೆಸರು. ಪ್ರತಿಯೊಂದು ಗೇರ್‌ಬಾಕ್ಸೂ ನನ್ನ ಬೆಂಚಿನ ಮೇಲೆ ಕೂತು ಹತ್ತು ನಿಮಿಷ ತಿರುಗಬೇಕು. ನಾನು ನನ್ನ ಮರದ ಸ್ಟೂಲಿನ ಮೇಲೆ ಕೂತು, ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಒಳಗೆ ಬೇರಿಂಗ್ ಇರುವ ಜಾಗಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಆನಿಸಿ ಕೇಳಬೇಕು. ಗಾಳಿಯಲ್ಲಿ ಬರುವ ಸದ್ದು ಇಡೀ ಶೆಡ್ಡಿನದು. ಕಬ್ಬಿಣದಲ್ಲಿ ಬರುವ ಸದ್ದು ಅದೊಂದರದೇ. ಚೆನ್ನಾಗಿದ್ದರೆ ಹಸಿರು ಚೀಟಿ. ಇಲ್ಲದಿದ್ದರೆ ಕೆಂಪು ಚೀಟಿ ಬರೆದು ದಾರದಿಂದ ಕಟ್ಟುತ್ತಿದ್ದೆ. ಇಪ್ಪತ್ತೇಳು ವರ್ಷ ನಾನು ಕಟ್ಟಿದ ಕೆಂಪು ಚೀಟಿಯನ್ನು ನಾನೇ ಬಿಚ್ಚಬೇಕಿತ್ತು. ಯಜಮಾನರೂ ಮುಟ್ಟುತ್ತಿರಲಿಲ್ಲ.

ಗೇರ್‌ಬಾಕ್ಸನ್ನು ಬೆಂಚಿಗೆ ಏರಿಸಿ ಇಳಿಸುತ್ತಿದ್ದವನು ಬಾಗಲಕೋಟೆ ಕಡೆಯ ಫಿಟ್ಟರು. ನನಗಿಂತ ಐದಾರು ವರ್ಷ ಚಿಕ್ಕವನು. ಪೀಣ್ಯದಲ್ಲೇ ಒಂದು ಬಾಡಿಗೆ ಕೋಣೆ. ನಾನು ಸ್ಕ್ರೂಡ್ರೈವರನ್ನು ಕಿವಿಗೆ ಹಚ್ಚಿದೊಡನೆ, ಸೂಲಗಿತ್ತಿಯ ಮುಂದೆ ನಿಂತ ಗಂಡನಂತೆ ಕೈ ಕಟ್ಟಿ ಕೇಳುತ್ತಿದ್ದ:

"ಏನಂತೈತ್ರಿ ಸರ ಕೂಸು?"

"ಸುಮ್ನಿರಯ್ಯ."

"ಅಳಾಕತ್ತೈತೇನ್ರಿ?"

"ನೀನು ಬಾಯಿ ಮುಚ್ಚಿದ್ರೆ ಗೊತ್ತಾಗುತ್ತೆ."

ಗಿರಾಕಿಗಳು ಪುರಾವೆ ಕೇಳಲು ಶುರುಮಾಡಿದ ಮೇಲೆ ಯಜಮಾನರು ಒಂದು ಪುಟ್ಟ ರೆಕಾರ್ಡರ್ ತೆಗೆಸಿಕೊಟ್ಟಿದ್ದರು. ಅಯಸ್ಕಾಂತದ ಮೈಕನ್ನು ಗೇರ್‌ಬಾಕ್ಸಿಗೆ ಅಂಟಿಸಿದರೆ ಸದ್ದು ಎಂಪಿತ್ರೀ ಫೈಲಾಗಿ ಕಾರ್ಡಿನಲ್ಲಿ ಕೂರುತ್ತಿತ್ತು. ನನಗೆ ಈ ವಿದ್ಯೆ ಹೊಸದೇನಲ್ಲ. ಕಾರ್ಖಾನೆಯ ಕನ್ನಡ ಸಂಘಕ್ಕೆ ಮೈಕು, ಹಾಡು, ಧ್ವನಿಮುದ್ರಣ ಎಲ್ಲದರ ಉಸ್ತುವಾರಿ ನನ್ನದೇ. ಹಳೆಯ ಕ್ಯಾಸೆಟ್ಟುಗಳನ್ನು ಫೈಲು ಮಾಡಿದವನು ನಾನು.

ಇಂಥ ಶಾಂತಿಯ ಕಾಲದಲ್ಲಿ ಗುಣಮಟ್ಟದ ಮ್ಯಾನೇಜರ್ ಆಗಿ ಅವರು ಬಂದರು. ವೈಟ್‌ಫೀಲ್ಡ್ ಕಡೆಯ ಸಾಫ್ಟ್‌ವೇರ್ ಪಾರ್ಕೊಂದರಲ್ಲಿ ಹತ್ತಾರು ವರ್ಷ ಇದ್ದವರು. ಮನೆ ಕುಂದಲಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ. ಅಲ್ಲಿಂದ ಪೀಣ್ಯಕ್ಕೆ ದಿನಾ ರಿಂಗ್ ರೋಡು ಸುತ್ತಿ ಬರುವುದೆಂದರೆ ಒಂದು ಹೊತ್ತಿನ ಕೆಲಸ. ಆ ಹೊತ್ತನ್ನು ಅವರು ಪೋಲು ಮಾಡುತ್ತಿರಲಿಲ್ಲ. ಕಾರಿನ ಗಾಜು ಏರಿಸಿ ಹಾಡುತ್ತಿದ್ದರು. ಸತ್ಯ ಹೇಳಬೇಕೆಂದರೆ ಅವರು ಚೆನ್ನಾಗಿ ಹಾಡುತ್ತಿದ್ದರು. ಈ ಒಂದು ವಾಕ್ಯವನ್ನು ಬರೆಯಲು ನನಗೆ ಎಷ್ಟು ಕಷ್ಟವಾಯಿತೆಂದು ಓದುಗರು ದಯವಿಟ್ಟು ಗಮನಿಸಬೇಕು.

ಬಂದ ಮೂರನೆಯ ತಿಂಗಳಿಗೆ ಅವರು ಒಂದು ಪೋರ್ಟಲ್ ತಂದರು. ಇನ್ನು ಮುಂದೆ ಎಲ್ಲ ಸದ್ದೂ ಆ ಪೋರ್ಟಲ್ಲಿಗೆ ಏರಬೇಕು, ಅಲ್ಲಿಂದಲೇ ತೀರ್ಪು ಬರಬೇಕು. ಪೋರ್ಟಲ್ಲು ಮೊದಲು ಕಾಲ್ ಸೆಂಟರ್ ಒಂದಕ್ಕಾಗಿ ಹುಟ್ಟಿದ್ದು. ಫೋನಿನಲ್ಲಿ ಗಿರಾಕಿಗಳ ಬೈಗುಳ ಶೇಖರಿಸಲು ಮಾಡಿದ್ದು. ಅದನ್ನೇ ಹೆಸರು ಬದಲಿಸಿ ನಮಗೆ ಒಗ್ಗಿಸಿದ್ದರು. ಪೂರ್ತಿ ಒಗ್ಗಿರಲಿಲ್ಲ. ಪ್ರತಿ ಗೇರ್‌ಬಾಕ್ಸ್ ಏರಿಸುವಾಗಲೂ 'ಕರೆ ಸೌಜನ್ಯದಿಂದ ಮುಗಿಯಿತೇ?' ಎಂಬ ಪ್ರಶ್ನೆಗೆ ಹೌದು ಎಂದು ಗುರುತು ಹಾಕದೆ ಮುಂದೆ ಹೋಗಲು ಬಿಡುತ್ತಿರಲಿಲ್ಲ. ನಾನು ಹಾಕುತ್ತಿದ್ದೆ. ನಮ್ಮ ಗೇರ್‌ಬಾಕ್ಸುಗಳು ಸೌಜನ್ಯಶೀಲವೇ.

ಆದರೆ ಪೋರ್ಟಲ್ಲಿಗೆ ಎಂಪಿತ್ರೀ ರುಚಿಸುತ್ತಿರಲಿಲ್ಲ. ಅದಕ್ಕೆ ಬೇಕಾದದ್ದು ಎಎಂಆರ್ ಎಂಬ ಬಗೆ. ಫೋನಿನಲ್ಲಿ ಮನುಷ್ಯರ ಮಾತು ಸಾಗಿಸಲೆಂದೇ ಮಾಡಿದ್ದು, ಬಹಳ ಚಿಕ್ಕ ಫೈಲು. ಅದಕ್ಕಾಗಿ ನನ್ನ ಕಂಪ್ಯೂಟರಿನಲ್ಲಿ ಒಂದು ಗುಂಡಿ ಕೂರಿಸಿದರು. ಒತ್ತಿದರೆ ಎಂಪಿತ್ರೀ ಎಎಂಆರ್ ಆಗುತ್ತದೆ, ಮೂಲ ಫೈಲು ತಾನಾಗಿ ಅಳಿಸಿಹೋಗುತ್ತದೆ. ಗೋಡೆಗೆ ಸುತ್ತೋಲೆ ಅಂಟಿತು: ಕಾರ್ಖಾನೆಯ ಆವರಣದಲ್ಲಿ ಯಾವುದೇ ಧ್ವನಿ ಫೈಲನ್ನು ಒಪ್ಪಿತ ವಿಧಾನದಿಂದ ಮಾತ್ರ ಬದಲಿಸತಕ್ಕದ್ದು. ಕೆಳಗೆ ಅವರ ಸಹಿ. ಈ 'ಯಾವುದೇ' ಎಂಬ ಪದವನ್ನು ಓದುಗರು ನೆನಪಿಟ್ಟುಕೊಳ್ಳಲಿ, ನಾನು ಇಟ್ಟುಕೊಂಡೆ.

ಈ ಬದಲಿಸುವ ಕೆಲಸದ ಒಳಗುಟ್ಟು ಇಷ್ಟೇ. ಊರಿಗೆ ಹೊರಟಾಗ ಟ್ರಂಕು ಮುಚ್ಚುತ್ತಿಲ್ಲವೆಂದು ಮನೆಯಲ್ಲಿ ಒಬ್ಬರು ನಮಗೆ ಹೇಳದೆ, ನಾವು ಹೇಗೂ ಉಡುವುದಿಲ್ಲ ಎಂದು ಅವರಿಗೆ ತೋಚಿದ ನಾಲ್ಕು ಬಟ್ಟೆ ತೆಗೆದಿಡುತ್ತಾರೆ. ಎಂಪಿತ್ರೀ ಮಾಡುವುದು ಅದನ್ನೇ. ಕಿವಿ ಹುಡುಕಲಾರದ ಸದ್ದನ್ನು ಬಿಸಾಡಿ ಟ್ರಂಕು ಮುಚ್ಚುತ್ತದೆ. ಆಮೇಲೆ ಎರಡನೆಯವರು ಬರುತ್ತಾರೆ. ಅವರ ಟ್ರಂಕು ಇನ್ನೂ ಚಿಕ್ಕದು. ಮೊದಲೇ ತೆಗೆದಿದ್ದಾರೆಂಬುದು ಅವರಿಗೆ ಗೊತ್ತಿಲ್ಲ. ಉಳಿದದ್ದರಲ್ಲಿ ತಮಗೆ ಬೇಡವೆನಿಸಿದ್ದನ್ನು ಅವರೂ ತೆಗೆಯುತ್ತಾರೆ. ಮತ್ತೆ ದೊಡ್ಡ ಟ್ರಂಕಿಗೆ ತುಂಬಿದರೆ ಹೋದ ಬಟ್ಟೆ ವಾಪಸು ಬರುತ್ತದೆಯೇ? ಟ್ರಂಕು ದೊಡ್ಡದಾಗುತ್ತದೆ, ಅಷ್ಟೆ. ಇದು ಆಗ ನನಗೆ ಅರ್ಧ ಗೊತ್ತಿತ್ತು. ಉಳಿದರ್ಧವನ್ನು ಕಲಿಸಿದ್ದು ಅವಮಾನ.

ಒಂದು ದಿನ ಬೆಂಚಿಗೆ ಬಂದ ಗೇರ್‌ಬಾಕ್ಸಿನಲ್ಲಿ ಸಣ್ಣ ಸದ್ದು ಸಿಕ್ಕಿತು. ಒಣಗಿದ ಕಡಲೆಕಾಯಿ ಸಿಪ್ಪೆಯನ್ನು ದೂರದಲ್ಲಿ ಯಾರೋ ಬೆರಳ ನಡುವೆ ಒಡೆದಂತೆ. ಒಂದು ಸುತ್ತಿಗೆ ಒಂದು ಸಲ, ತಪ್ಪದೆ. ಬೇರಿಂಗಿನಲ್ಲಿ ಗಾಯವಿದೆ. ಕೆಂಪು ಚೀಟಿ ಕಟ್ಟಿದೆ. ಸದ್ದು ಮುದ್ರಿಸಿ, ಗುಂಡಿ ಒತ್ತಿ, ಪೋರ್ಟಲ್ಲಿಗೆ ಏರಿಸಿದೆ. ಪೋರ್ಟಲ್ಲು ಹಸಿರು ತೋರಿಸಿತು.

ಮಾರನೆಯ ದಿನ ಮೀಟಿಂಗ್ ಕೋಣೆಯಲ್ಲಿ ಹತ್ತು ಜನರ ಮುಂದೆ ಅವರು ಆ ಫೈಲನ್ನು ದೊಡ್ಡ ಸ್ಪೀಕರಿಗೆ ಹಾಕಿದರು. ಗುಂಯ್ ಎಂಬ ಸದ್ದು ಬಂತು. ಕಡಲೆಕಾಯಿ ಬರಲಿಲ್ಲ.

"ಎಲ್ಲಿದೆ ಕಣ್ರೀ ಸೌಂಡು?"

"ಸಾರ್, ಮೆಷಿನ್ ಹತ್ರ ಬನ್ನಿ, ಸ್ಕ್ರೂಡ್ರೈವರ್ ಹಚ್ಚಿ ತೋರಿಸ್ತೀನಿ."

"ಸ್ಕ್ರೂಡ್ರೈವರ್!" ಎಂದು ಅವರು ಸುತ್ತ ನೋಡಿದರು. ಹತ್ತು ಜನರೂ ಬೇಕಾದಷ್ಟು ನಕ್ಕರು. "ಸಾರ್, ಇದು ಫ್ಯಾಕ್ಟ್ರಿ, ನಾಟಿ ವೈದ್ಯರ ಮನೆ ಅಲ್ಲ. ಫೀಲಿಂಗ್ಸ್ ಬೇಡ, ಡೇಟಾ ಮಾತಾಡ್ಲಿ. ಫೈಲಲ್ಲಿ ಇಲ್ಲ ಅಂದ್ರೆ ಸೌಂಡೇ ಇಲ್ಲ."

"ಮೂಲ ಫೈಲ್ ಇದ್ದಿದ್ರೆ..."

"ಎಲ್ಲಿದೆ ಮೂಲ ಫೈಲು?"

ಗುಂಡಿ ಅಳಿಸಿತ್ತು. ಅವರದೇ ಗುಂಡಿ. ಅವರು ಜೇಬಿನಿಂದ ಒಂದು ಪುಟ್ಟ ಕತ್ತರಿ ತೆಗೆದುಕೊಂಡು ಬೆಂಚಿನ ಬಳಿ ಹೋಗಿ ಕೆಂಪು ಚೀಟಿಯ ದಾರ ಕತ್ತರಿಸಿದರು. ಚೀಟಿ ನೆಲಕ್ಕೆ ಬಿತ್ತು. ಫಿಟ್ಟರು ಅದನ್ನು ಎತ್ತಿ ತನ್ನ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಗೇರ್‌ಬಾಕ್ಸು ಸಂಜೆಯ ಲಾರಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಗಿರಾಕಿಯೊಬ್ಬರ ಉಗ್ರಾಣಕ್ಕೆ ಹೋಯಿತು.

ಅಷ್ಟಕ್ಕೇ ನಿಂತಿದ್ದರೆ ನಾನು ಬೈದುಕೊಂಡು ಸುಮ್ಮನಾಗುತ್ತಿದ್ದೆನೇನೋ. ಅವರು ನನ್ನನ್ನು ಕಿವಿ ಪರೀಕ್ಷೆಗೆ ಕಳಿಸಿದರು. ಗಾಜಿನ ಡಬ್ಬಿಯಲ್ಲಿ ಕೂರಿಸಿ, ಕಿವಿಗೆ ಬಟ್ಟಲು ಮುಚ್ಚಿ, ಕೀಂ ಕೀಂ ಎನ್ನಿಸಿದರು. ಕೇಳಿಸಿದಾಗ ಬೆರಳೆತ್ತಬೇಕು. ಐವತ್ತೆಂಟು ವರ್ಷದವನು ಒಂದನೇ ತರಗತಿಯ ಮಗುವಿನಂತೆ ಬೆರಳೆತ್ತಿದೆ. ವರದಿಯಲ್ಲಿ ಬರೆದರು: ಶ್ರವಣ ಶಕ್ತಿ ವಯಸ್ಸಿಗೆ ತಕ್ಕಂತೆ ಇದೆ. ನನ್ನ ಪ್ರಕಾರ ಇದು ಪ್ರಶಂಸಾ ಪತ್ರ. ಅವರು 'ವಯಸ್ಸಿಗೆ' ಎಂಬ ಪದಕ್ಕೆ ಮಾತ್ರ ಕೆಂಪು ಗೆರೆ ಎಳೆದು ನನ್ನ ಸೇವಾ ಕಡತಕ್ಕೆ ಸೇರಿಸಿದರು. ಮರುವಾರ ನನ್ನನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕಿದರು. ಅಲ್ಲಿ ಮರದ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುತ್ತಾರೆ. ಕಿವಿ ಬೇಕಾಗಿಲ್ಲ; ಇದ್ದರೆ ತೊಂದರೆ.

ನಿವೃತ್ತಿಗೆ ಎರಡು ವರ್ಷ ಬಾಕಿ. ಇಪ್ಪತ್ತೇಳು ವರ್ಷ ಕಿವಿಯಿಂದ ಬದುಕಿದವನು ಕಿವುಡನೆಂಬ ದಾಖಲೆಯೊಂದಿಗೆ ಮೊಳೆ ಹೊಡೆಯುತ್ತ ಗೇಟು ದಾಟಬೇಕು. ನನಗೆ ಆ ಸ್ಟೂಲು ವಾಪಸು ಬೇಕಿತ್ತು. ಅದಕ್ಕಿಂತ ತುಸು ಹೆಚ್ಚಾಗಿ, ಆ ಮೀಟಿಂಗ್ ಕೋಣೆಯ ನಗು ದಿಕ್ಕು ಬದಲಿಸುವುದನ್ನು ನೋಡಬೇಕಿತ್ತು.

ಯಜಮಾನರ ಬಳಿ ಹೋದೆ. ನೆಲಮಂಗಲದ ಕಡೆಯ ಹಳ್ಳಿಯಿಂದ ಬಂದು ಒಂದೇ ಲೇತಿನಿಂದ ಕಾರ್ಖಾನೆ ಕಟ್ಟಿದ ಮನುಷ್ಯ. "ನಂಗೂ ಬೇಜಾರೇ ಕಣಯ್ಯ," ಎಂದರು. "ಆದ್ರೆ ನಾನೇ ಅವರನ್ನ ಕರ್ಕೊಂಬಂದು ನಾನೇ ಅಡ್ಡಗಾಲು ಆಕಿದ್ರೆ ಎಂಗೆ? ಏನಾರ ತೋರ್ಸು, ನೋಡವ." ತೋರಿಸಲು ಇದ್ದ ಒಂದೇ ಪುರಾವೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಪೆಟ್ಟಿಗೆಯೊಳಗೆ ಮಲಗಿತ್ತು.

ಮಧ್ಯಾಹ್ನದ ಊಟಕ್ಕೆ ಫಿಟ್ಟರು ಪ್ಯಾಕಿಂಗಿಗೇ ಬಂದು ನನ್ನೊಡನೆ ಕೂರುತ್ತಿದ್ದ. ರೊಟ್ಟಿ ಮುರಿಯುತ್ತ ವರದಿ ಒಪ್ಪಿಸುತ್ತಿದ್ದ.

"ಈಗ ಕೂಸಿನ ಅಳು ಯಾರೂ ಕೇಳಾಂಗಿಲ್ರಿ ಸರ. ಹಸರ ದೀಪ ಬಂತಂದ್ರ ಹುಟ್ಟಿತು ಅಂತ ತಿಳಕೋಳೂದು, ಕಳಸೂದು."

"ಕೆಂಪು ಬರೋದೇ ಇಲ್ವಾ?"

"ಬಂದಿತ್ರಿ ಒಮ್ಮೆ. ನಾ ಬಾಜೂ ನಿಂತು ಸೂಪರ್‌ವೈಜರ್‌ಗೆ ಬೈದಿದ್ದೆ. ಅದಕ್ಕ 'ಕರೆಯಲ್ಲಿ ಅಸಭ್ಯ ಮಾತು' ಅಂತ ಕೆಂಪು ತೋರಿಸ್ತು." ರೊಟ್ಟಿ ನುಂಗಿ ಮುಂದುವರಿಸಿದ. "ಒಂದು ಮಾತು ಹೇಳ್ಲೇನ್ರಿ? ಆ ಫೈಲಿನಾಗ ನನ್ನ ಬೈಗುಳ ಗಂಟಿ ಬಾರಿಸಿಧಂಗ ಸ್ವಚ್ಛ ಕೇಳತೈತ್ರಿ. ಮಷಿನ್ ಸದ್ದು ಮಾತ್ರ ನೀರಾಗ ಮುಳಗಿಧಂಗ ಐತಿ."

ನನ್ನ ಕೈಯಲ್ಲಿದ್ದ ಚಿತ್ರಾನ್ನದ ತುತ್ತು ಅಲ್ಲೇ ನಿಂತಿತು. ಆವತ್ತೇ ಫಿಟ್ಟರನಿಂದ ಸಣ್ಣ ಪ್ರಯೋಗ ಮಾಡಿಸಿದೆ. ನಾನು ಮಾತಾಡುತ್ತ ಒಂದು ಬೀಗದ ಕೈ ಗೊಂಚಲನ್ನು ಅಲ್ಲಾಡಿಸಿದ್ದನ್ನು ಮುದ್ರಿಸಿ, ಅವನು ನನ್ನ ಹಳೆಯ ಕಂಪ್ಯೂಟರಿನಲ್ಲಿ ಗುಂಡಿ ಒತ್ತಿದ. ಬದಲಾದ ಫೈಲಿನಲ್ಲಿ ನನ್ನ ಮಾತು ಇತ್ತು. ಬೀಗದ ಕೈ ಇರಲಿಲ್ಲ. ಅದರ ಜಾಗದಲ್ಲಿ ಯಾರೋ ಮೂಗು ಸೀಟಿದಂಥ ಸದ್ದು. ಮಾತಿಗಾಗಿ ಮಾಡಿದ ಟ್ರಂಕು ಮಾತನ್ನು ಮಾತ್ರ ತುಂಬಿಕೊಂಡಿತ್ತು. ಕಡಲೆಕಾಯಿ ಎಲ್ಲಿ ಹೋಯಿತೆಂದು ತಿಳಿಯಿತು.

ಇದನ್ನೆಲ್ಲ ಒಂದು ಪುಟದಲ್ಲಿ, ಮಾನ್ಯರೇ ಎಂದು ಆರಂಭಿಸಿ, ವಿನಯಪೂರ್ವಕವಾಗಿ ಬರೆದು ಅವರಿಗೆ ಕೊಟ್ಟೆ. ಎರಡು ದಿನದ ನಂತರ ವಾಪಸು ಬಂತು. ಅಂಚಿನಲ್ಲಿ ಒಂದೇ ಪದ: ನೋಟೆಡ್. ಅದರ ಕೆಳಗೆ ಸಹಿ, ಸಹಿಯ ಕೆಳಗೆ ಎರಡು ಚುಕ್ಕಿ. ಆ ಎರಡು ಚುಕ್ಕಿಗಳನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ನವೆಂಬರ್ ಬಂತು. ಪೀಣ್ಯದಲ್ಲಿ ನವೆಂಬರ್ ಬಂತೆಂದರೆ ಪ್ರತಿ ಕಾರ್ಖಾನೆಯ ಗೇಟಿಗೂ ಅರಿಶಿನ ಕುಂಕುಮದ ಬಣ್ಣದ ಬಾವುಟ, ಅಂಗಳದಲ್ಲಿ ಶಾಮಿಯಾನ, ಸನ್ಮಾನ, ಶಾಲು, ಆರ್ಕೆಸ್ಟ್ರಾ. ನಮ್ಮ ರಾಜ್ಯೋತ್ಸವದಲ್ಲಿ ಅವರ ಹಾಡು ಹಿಂದಿನ ವರ್ಷದ ದೊಡ್ಡ ಆಕರ್ಷಣೆ. ಈ ವರ್ಷ ಇನ್ನೂ ದೊಡ್ಡದು ಮಾಡಲು ನಿಶ್ಚಯಿಸಿದ್ದರು, ಏಕೆಂದರೆ ದೊಡ್ಡ ಗಿರಾಕಿಗಳನ್ನೆಲ್ಲ ಅತಿಥಿಗಳಾಗಿ ಕರೆಯಲಾಗಿತ್ತು. ಧೂಳಿಗೆ ಗಂಟಲು ಕೈಕೊಟ್ಟೀತೆಂದು ಮಾರತ್ತಹಳ್ಳಿಯ ಸ್ಟುಡಿಯೋ ಒಂದರಲ್ಲಿ, ಕೊಳಲು ತಬಲಾ ಸಮೇತ, ಒಂದು ಭಾವಗೀತೆಯನ್ನು ಮೊದಲೇ ಮುದ್ರಿಸಿಕೊಂಡು ಬಂದರು. ವೇದಿಕೆಯ ಮೇಲೆ ತುಟಿ ಆಡಿಸಿದರೆ ಸಾಕು. ಈ ಗುಟ್ಟು ಗೊತ್ತಿರಬೇಕಾದ ಮನುಷ್ಯ ಒಬ್ಬನೇ, ಮೈಕಿನ ಉಸ್ತುವಾರಿ. ಅಂದರೆ ನಾನು.

ಅವರೇ ಪ್ಯಾಕಿಂಗಿಗೆ ಬಂದರು. ಮೊದಲ ಸಲ.

"ಸಾರ್, ಒಂದು ಸಣ್ಣ ಹೆಲ್ಪು. ನನ್ನ ಸಾಂಗು ಎಂಫೋರ್‌ಎ ಫೈಲಲ್ಲಿದೆ. ಮೈಕ್ ಸೆಟ್‌ನವರ ಡಬ್ಬ ಎಂಪಿತ್ರೀ ಮಾತ್ರ ತಗೊಳತ್ತಂತೆ. ಚೇಂಜ್ ಮಾಡ್ಸಿ ಪೆನ್ ಡ್ರೈವಿಗೆ ಹಾಕ್ಬಿಡಿ."

"ಆಗಲಿ ಸಾರ್. ಯಾವ ವಿಧಾನದಲ್ಲಿ ಬದಲಿಸಲಿ?"

"ಅಯ್ಯೋ, ಏನ್ರೀ ಇದು, ಹಾಡಿಗೂ ವಿಧಾನ ಕೇಳ್ತೀರಲ್ಲ!"

"ಸುತ್ತೋಲೆಯಲ್ಲಿ 'ಯಾವುದೇ ಧ್ವನಿ ಫೈಲು' ಅಂತಿದೆ ಸಾರ್. ಮೊದಲೇ ನನ್ನ ಕಡತದಲ್ಲಿ ಒಂದು ಕೆಂಪು ಗೆರೆ ಇದೆ. ಇನ್ನೊಂದು ಬೇಡ."

"ಇರೋದು ಒಂದೇ ಪ್ರೊಸೀಜರ್ ಕಣ್ರೀ. ಅದ್ರಲ್ಲೇ ಮಾಡಿ."

"ಒಂದು ಸಾಲು ಬರೆದುಕೊಟ್ಟರೆ..."

ಪೆಟ್ಟಿಗೆಯ ಮೇಲೆ ಅಂಟಿಸುವ ಚೀಟಿಯೊಂದನ್ನು ಮುಂದೆ ಹಿಡಿದೆ. ಕಿವುಡ ಮುದುಕನ ಹಟಕ್ಕೆ ಕನಿಕರಪಡುವವರಂತೆ ನಕ್ಕು ಬರೆದರು: ಒಪ್ಪಿತ ವಿಧಾನದಿಂದ ಬದಲಿಸುವುದು. ಸಹಿ. ಎರಡು ಚುಕ್ಕಿ.

ಮೊದಲು ಮೂಲ ಫೈಲನ್ನು ನನ್ನ ಸ್ವಂತದ ಒಂದು ಕಾರ್ಡಿಗೆ ನಕಲು ಮಾಡಿಕೊಂಡೆ. ಆಮೇಲೆ ಸದ್ದಿನ ಕೋಣೆಗೆ ಹೋಗಿ, ಫಿಟ್ಟರನ ಸಾಕ್ಷಿಯಲ್ಲಿ, ಶಾಸ್ತ್ರೋಕ್ತವಾಗಿ ಗುಂಡಿ ಒತ್ತಿದೆ. ಎಂಫೋರ್‌ಎ ಎಎಂಆರ್ ಆಯಿತು. ಮೂಲ ಅಳಿಸಿಹೋಯಿತು. ಡಬ್ಬಕ್ಕೆ ಎಂಪಿತ್ರೀ ಬೇಕಲ್ಲ, ಆ ಎಎಂಆರನ್ನು ಎಂಪಿತ್ರೀ ಮಾಡಿದೆ. ಟ್ರಂಕು ಮತ್ತೆ ದೊಡ್ಡದಾಯಿತು. ಕೇಳಿ ನೋಡಲಿಲ್ಲ. ಕೇಳುವುದು ನನ್ನ ಕೆಲಸವಲ್ಲವೆಂದು ಅಧಿಕೃತವಾಗಿ ತೀರ್ಮಾನವಾಗಿತ್ತಲ್ಲ.

"ಸರ," ಎಂದ ಫಿಟ್ಟರು, "ಇದು ಪಾಪ ಅಲ್ಲೇನ್ರಿ?"

"ಪ್ರೊಸೀಜರು."

"ಹಂಗಾದ್ರ ಸರಿ ಬಿಡ್ರಿ. ನಾ ಮುಂದಿನ ಸಾಲಿನ್ಯಾಗ ಕುಂಡರ್ತೀನಿ."

ಶಾಮಿಯಾನ ತುಂಬಿತ್ತು. ಯಜಮಾನರು, ಅತಿಥಿಗಳು ಮೊದಲ ಸಾಲಿನ ಸೋಫಾದಲ್ಲಿ. ಫಿಟ್ಟರು ಅವರ ಬೆನ್ನಿಗೇ. ಮ್ಯಾನೇಜರರು ರೇಷ್ಮೆ ಜುಬ್ಬಾ ತೊಟ್ಟು ವೇದಿಕೆಗೆ ಬಂದು, ತಾಯಿ ನುಡಿಯ ಬಗ್ಗೆ ನಾಲ್ಕು ಮಾತಾಡಿ, ಕಣ್ಣು ಮುಚ್ಚಿ, ನನ್ನತ್ತ ಬೆರಳಾಡಿಸಿದರು. ನಾನು ಗುಂಡಿ ಒತ್ತಿದೆ.

ಮೊದಲಿಗೆ ಕೊಳಲು ಬರಬೇಕಿತ್ತು. ಬಂದದ್ದು ವಾರಕ್ಕೊಮ್ಮೆ ನೀರು ಬಿಡುವ ನಲ್ಲಿಯಲ್ಲಿ ನೀರಿಗೆ ಮುಂಚೆ ಬರುತ್ತದಲ್ಲ, ಅದು. ಗೊರ್, ಬುಳ್, ಬುಳ್. ತಬಲಾ ರಟ್ಟಿನ ಪೆಟ್ಟಿಗೆಯಾಗಿತ್ತು. ಅದರ ನಡುವೆ ಅವರ ಕಂಠ ಎದ್ದಿತು, ವಾದ್ಯದೊಡನೆ ಕಲೆಸಿಕೊಂಡು ಮುಳುಗಿತು, ಮತ್ತೆ ಎದ್ದಿತು. ವಾದ್ಯ ನಿಂತ ಕಡೆ ಮಾತ್ರ ಮಾತು ಅತಿ ಸ್ಪಷ್ಟವಾಗಿ, ಗ್ಯಾಸ್ ಸಿಲಿಂಡರ್ ಬಂದಿಲ್ಲವೆಂದು ಫೋನಿನಲ್ಲಿ ದೂರು ಕೊಡುವವನ ದನಿಯಲ್ಲಿ ಬರುತ್ತಿತ್ತು. ಭಾವಗೀತೆ ಇಡಿಯಾಗಿ ಗಿರಾಕಿಯ ಅಹವಾಲಾಯಿತು.

ಅವರ ಕಣ್ಣು ತೆರೆಯಿತು. ತುಟಿ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಹಾಡು ಮುಂದುವರಿಯುತ್ತದೆ, ಗುಟ್ಟು ಬಯಲಾಗುತ್ತದೆ. ಆಡಿಸಿದರೆ ಆ ಸದ್ದು ಅವರ ಗಂಟಲಿನದೇ ಎಂದು ಒಪ್ಪಿದಂತೆ. ಅವರು ಆಡಿಸಿದರು. ಪಲ್ಲವಿ ಪೂರ್ತಿ. ಬೆವರು ಜುಬ್ಬಾದ ಕಾಲರಿಗೆ ಇಳಿಯುವುದನ್ನು ನಾನು ಮಿಕ್ಸರಿನ ಹಿಂದೆ ಕೂತು ಬಹಳ ಗೌರವದಿಂದ ನೋಡಿದೆ.

ಮೊದಲ ಸಾಲಿನ ಹಿಂದಿನಿಂದ, ಪಿಸುಮಾತೆಂದು ಅವನು ನಂಬಿದ್ದ ದನಿಯಲ್ಲಿ, ಫಿಟ್ಟರು ಕೇಳಿದ:

"ಸಾಹೇಬ್ರು ಬಾವ್ಯಾಗ ಬಿದ್ದಾರೇನ್ರೀ? ಹಗ್ಗ ಒಗೀರಿ ಯಾರರ!"

ನಗು ಮುಂದಿನಿಂದ ಹಿಂದಕ್ಕೆ ಹರಿದು, ಅಡುಗೆಯವರ ತನಕ ಹೋಗಿ, ಮತ್ತೆ ಮುಂದಕ್ಕೆ ಬಂತು. ಮೀಟಿಂಗ್ ಕೋಣೆಯ ಹತ್ತು ಜನ ಎಲ್ಲಿ ಕೂತಿದ್ದಾರೆಂದು ಮೊದಲೇ ನೋಡಿಟ್ಟುಕೊಂಡಿದ್ದೆ. ಹತ್ತೂ ಜನ ನಗುತ್ತಿದ್ದರು. ಎಣಿಸಿದೆ.

ಎರಡನೆಯ ಚರಣಕ್ಕೆ ಅವರು ಮೈಕು ಬಿಟ್ಟು ನೇರ ನನ್ನ ಬಳಿ ಬಂದರು. ವೇದಿಕೆ ಖಾಲಿಯಾದರೂ ಹಾಡು ಬುಳಬುಳ ಎನ್ನುತ್ತಲೇ ಇತ್ತು. ಆಗ ಜನಕ್ಕೆ ಉಳಿದರ್ಧವೂ ತಿಳಿಯಿತು.

"ಏನ್ರೀ ಮಾಡಿದ್ದೀರ ನನ್ನ ಹಾಡಿಗೆ? ಕೊಳಲೆಲ್ಲಿ? ಸ್ಟುಡಿಯೋದಲ್ಲಿ ಸಕ್ಕತ್ತಾಗಿತ್ತು ಕೊಳಲು!"

"ಕೊಳಲೇ? ಫೈಲಲ್ಲಿ ಇಲ್ಲವಲ್ಲ ಸಾರ್."

"ಇತ್ತು ಕಣ್ರೀ! ನಾನು ಕಿವಿಯಾರೆ ಕೇಳಿದ್ದೀನಿ!"

"ಫೀಲಿಂಗ್ಸ್ ಬೇಡ ಸಾರ್," ಎಂದೆ. ಈ ಮಾತನ್ನು ನಾನು ಆರು ತಿಂಗಳು ಬಾಯಲ್ಲಿಟ್ಟುಕೊಂಡು ಮೊಳೆ ಹೊಡೆದಿದ್ದೆ. "ಫೈಲಲ್ಲಿ ಇಲ್ಲ ಅಂದ್ರೆ ಸೌಂಡೇ ಇಲ್ಲ. ಕಿವಿ ಒಂದ್ಸಲ ತೋರಿಸಿಬಿಡಿ. ಅಡ್ರೆಸ್ ಕೊಡ್ತೀನಿ. ಬೆರಳೆತ್ತಿದರೆ ಸಾಕು."

ಚೀಟಿ ತೆಗೆದು ತೋರಿಸಿದೆ. ಅವರ ಅಕ್ಷರ, ಅವರ ಸಹಿ, ಅವರ ಚುಕ್ಕಿಗಳು.

ಯಜಮಾನರು ಎದ್ದು ಬಂದಿದ್ದರು. ಚೀಟಿ ಓದಿದರು. ಲೇತಿನ ಮುಂದೆ ನಿಂತು ಬೆಳೆದವರಿಗೆ ಹೆಚ್ಚು ವಿವರಣೆ ಬೇಕಾಗುವುದಿಲ್ಲ.

"ಅಂಗಾದ್ರೆ ಕೊಳಲು ಇತ್ತು. ಗುಂಡಿ ಒತ್ತಿದ್ ಮ್ಯಾಗೆ ಓಯ್ತು. ಅಲ್ವೇನಯ್ಯ?"

"ಹೌದು ಸಾರ್."

"ಅವತ್ತಿನ್ ಗೇರ್‌ಬಾಕ್ಸಿನ ಸದ್ದೂ ಇಂಗೇ ಓಗಿರ್ಬೋದಲ್ವಾ?"

ನಾನು ಸೋಫಾದ ಕಡೆ ಕೈ ತೋರಿಸಿದೆ. ಎಲೆಕ್ಟ್ರಾನಿಕ್ ಸಿಟಿಯ ಗಿರಾಕಿ ಅದೇ ಸೋಫಾದಲ್ಲಿ ಮೈಸೂರ್ ಪಾಕು ತಿನ್ನುತ್ತಿದ್ದರು. ಆ ಗೇರ್‌ಬಾಕ್ಸನ್ನು ಇನ್ನೂ ಯಂತ್ರಕ್ಕೆ ಕೂರಿಸಿಲ್ಲ, ಪೆಟ್ಟಿಗೆಯಲ್ಲೇ ಇದೆ, ಬೇಕಾದರೆ ಕಳಿಸುತ್ತೇವೆ ಎಂದರು.

ಗೇರ್‌ಬಾಕ್ಸು ವಾಪಸು ಬಂದ ದಿನ ಸದ್ದಿನ ಕೋಣೆಯಲ್ಲಿ ಜಾತ್ರೆಯಷ್ಟು ಜನ. ಯಜಮಾನರು ಸ್ಕ್ರೂಡ್ರೈವರನ್ನು ಮೊದಲು ತಾವೇ ಹಚ್ಚಿಕೊಂಡರು. ತುಂಬ ಹೊತ್ತು ಕೇಳಿದರು. ತಲೆಯಾಡಿಸಿ ನನಗೆ ಕೊಟ್ಟರು. ತುದಿ ತಗಲಿದ ಕೂಡಲೇ ಕಡಲೆಕಾಯಿ ಸಿಕ್ಕಿತು. ಆರು ತಿಂಗಳು ಪೆಟ್ಟಿಗೆಯಲ್ಲಿ ಮಲಗಿದ್ದರೂ ಮಾತು ಬದಲಿಸಿರಲಿಲ್ಲ. ನಾನು ಸ್ಕ್ರೂಡ್ರೈವರನ್ನು ಮ್ಯಾನೇಜರರ ಮುಂದೆ ಹಿಡಿದೆ. ರೇಷ್ಮೆ ಜುಬ್ಬಾ ಇಲ್ಲದ ಆ ದಿನ ಅವರು ಸ್ವಲ್ಪ ಗಿಡ್ಡಗೆ ಕಂಡರು. ಕಿವಿಗೆ ಆನಿಸಿಕೊಂಡರು.

"ಏನಂತೈತ್ರಿ ಸಾಹೇಬ್ರ, ಕೂಸು?" ಎಂದು ಫಿಟ್ಟರು ಕೈ ಕಟ್ಟಿ ಕೇಳಿದ.

"ಇದೆ," ಎಂದರು ಅವರು.

ಬಿಚ್ಚಿದೆವು. ಬೇರಿಂಗಿನ ಒಳಬಳೆಯ ಮೇಲೆ ಎಳ್ಳಿನ ಗಾತ್ರದ ಕುಳಿ. ಉಗುರು ಆಡಿಸಿದರೆ ತಡೆಯುತ್ತಿತ್ತು. ಯಜಮಾನರು ಮೊದಲು ಮ್ಯಾನೇಜರರ ಬೆರಳು ಹಿಡಿದು ಅಲ್ಲಿ ಆಡಿಸಿದರು, ಮಗುವಿಗೆ ಅಕ್ಷರ ತಿದ್ದಿಸುವಂತೆ. ಫಿಟ್ಟರು ಅಂಗಿಯ ಜೇಬಿನಿಂದ ಮಡಿಸಿ ಮಾಸಿದ ಹಳೆಯ ಕೆಂಪು ಚೀಟಿ ತೆಗೆದು, ಹೊಸ ದಾರ ಹಾಕಿ, ನನ್ನ ಕೈಗೆ ಕೊಟ್ಟ. ನಾನೇ ಕಟ್ಟಿದೆ.

ಸ್ಟೂಲು ಉಗ್ರಾಣದಿಂದ ವಾಪಸು ಬಂತು. ಒಂದು ಕಾಲು ಅಲ್ಲಾಡುತ್ತಿತ್ತು, ಪ್ಯಾಕಿಂಗಿನಲ್ಲಿ ಕಲಿತ ವಿದ್ಯೆಯಿಂದ ಎರಡು ಮೊಳೆ ಹೊಡೆದುಕೊಂಡೆ. ಗುಂಡಿಯನ್ನು ತೆಗೆಸಿದರು. ಮೂಲ ಫೈಲುಗಳನ್ನು ಇಟ್ಟುಕೊಳ್ಳಬೇಕೆಂದು ಹೊಸ ಸುತ್ತೋಲೆ ಬಂತು. ಮ್ಯಾನೇಜರರು ನನಗೆ ಒಂದು ಪತ್ರ ಬರೆದರು: ಹಿಂದಿನ ತೀರ್ಮಾನಕ್ಕೆ ವಿಷಾದವಿದೆ, ನನ್ನ ಕಡತದ ಷರಾ ರದ್ದಾಗಿದೆ. ನಾನು ಅದರ ಅಂಚಿನಲ್ಲಿ ನೋಟೆಡ್ ಎಂದು ಬರೆದು, ಸಹಿ ಹಾಕಿ, ಕೆಳಗೆ ಎರಡು ಚುಕ್ಕಿ ಇಟ್ಟು ವಾಪಸು ಕಳಿಸಿದೆ. ಇದು ಸಣ್ಣತನ ಎಂದು ಪಾರ್ಕಿನ ಹಿರಿಯರು ಹೇಳಬಹುದು. ಹೌದು. ಸಣ್ಣತನವನ್ನು ನಾನು ಅಲ್ಲಿಗೆ ನಿಲ್ಲಿಸಲೂ ಇಲ್ಲ.

ನನ್ನ ನಿವೃತ್ತಿಯ ದಿನ, ಹಾರ ಹಾಕಿಸಿಕೊಂಡು ಗೇಟಿನತ್ತ ಹೊರಟಾಗ ಅವರು ಪಕ್ಕಕ್ಕೆ ಕರೆದರು. ಜುಬ್ಬಾದ ಘಟನೆಯ ನಂತರ ಅವರು ಎಲ್ಲಿಯೂ ಹಾಡಿರಲಿಲ್ಲ.

"ಸಾರ್, ಒಂದು ಮಾತು. ಆ ಹಾಡಿಂದು ಒರಿಜಿನಲ್ ಏನಾದ್ರೂ ನಿಮ್ಮತ್ರ... ಸ್ಟುಡಿಯೋದವರು ಅಂಗಡಿ ಮುಚ್ಕೊಂಡು ಹೋದ್ರು. ನನ್ನ ಫೋನು ಹೋಯ್ತು. ಅಷ್ಟು ಚೆನ್ನಾಗಿ ಮತ್ತೆ ಬರಲ್ಲ ಸಾರ್ ನಂಗೆ."

ದನಿ ನಿಜವಾಗಿಯೂ ಮೆತ್ತಗಿತ್ತು. ನಾನು ಕ್ಷಣ ಯೋಚಿಸಿದೆ. ಗಾಜಿನ ಡಬ್ಬಿಯಲ್ಲಿ ಎತ್ತಿದ ಬೆರಳು ನೆನಪಾಯಿತು.

"ಪ್ರೊಸೀಜರ್ ಪ್ರಕಾರ ಮೂಲ ಫೈಲು ಅಳಿಸಿಹೋಗಿದೆ ಸಾರ್," ಎಂದೆ.

ಆ ಕಾರ್ಡು ದಾಸರಹಳ್ಳಿಯ ನನ್ನ ಮನೆಯಲ್ಲಿ, ಸ್ಕ್ರೂಡ್ರೈವರಿನ ಡಬ್ಬಿಯಲ್ಲಿದೆ. ಕೆಲವು ಭಾನುವಾರ ಬೆಳಿಗ್ಗೆ ಕಾಫಿಯ ಜೊತೆ ಹಾಕಿಕೊಳ್ಳುತ್ತೇನೆ. ಕೊಳಲು ನಿಜಕ್ಕೂ ಸಕ್ಕತ್ತಾಗಿದೆ. ಮೊನ್ನೆ ಮನೆಯವಳು ಅಡುಗೆಮನೆಯಿಂದ ಈಚೆಗೆ ಬಂದು, ಸೆರಗಿಗೆ ಕೈ ಒರೆಸುತ್ತ, ಪೂರ್ತಿ ಕೇಳಿದಳು.

"ಯಾರ್ರೀ ಇವರು? ಎಷ್ಟು ಚೆನ್ನಾಗಿ ಹಾಡ್ತಾರೆ!"

"ಗೊತ್ತಿಲ್ಲ," ಎಂದೆ.

ಎರಡನೆಯ ಚರಣದಲ್ಲಿ ಒಂದು ಕಡೆ, ಏರುವ ಜಾಗದಲ್ಲಿ, ಗಂಟಲು ಕೂದಲೆಳೆಯಷ್ಟು ತಡವರಿಸುವುದು ಅವಳಿಗೆ ಕೇಳಿಸಲಿಲ್ಲ. ಮೂರು ಸಲ ಹಿಂದಕ್ಕೆ ಓಡಿಸಿ ಬೆರಳೆತ್ತಿ ತೋರಿಸಿದೆ, ಆಗಲೂ ಇಲ್ಲ. ನನಗೆ ಕೇಳಿಸಿತು. ಕಾರ್ಡಿಗೆ ಒಂದು ಕೆಂಪು ಚೀಟಿ ಕಟ್ಟಿ ಡಬ್ಬಿಯಲ್ಲಿಟ್ಟಿದ್ದೇನೆ.